ಗ್ರೀಸ್ ಗನ್ನಿಗೆ ಜೋಡಿಸುವ ಶ್ರವಣಾತೀತ ಸದ್ದಿನ ಮಾಪಕ: ದೀರ್ಘ ಬಳಕೆಯ ನಂತರದ ವಿಮರ್ಶೆ

ಗ್ರೀಸ್ ಗನ್ನಿಗೆ ಜೋಡಿಸಿಕೊಂಡು ಬೇರಿಂಗ್‌ನ ಶ್ರವಣಾತೀತ ಸದ್ದನ್ನು ಅಳೆಯುವ ಕೈ ಉಪಕರಣವೊಂದನ್ನು ನಮ್ಮ ಯಂತ್ರ ನಿರ್ವಹಣಾ ವಿಭಾಗವು ಮೂರು ವರ್ಷಕ್ಕೂ ಮಿಕ್ಕಿ ಬಳಸುತ್ತ ಬಂದಿದೆ. ಅದೇ ಅವಧಿಯಲ್ಲಿ ನಿಸ್ತಂತು ಕಂಪನ ಸಂವೇದಕಗಳನ್ನೂ ಅಳವಡಿಸಿಕೊಂಡಿದ್ದೇವೆ. ಗೇರ್‌ಬಾಕ್ಸ್ ಮತ್ತು ಹೈಡ್ರಾಲಿಕ್ ಎಣ್ಣೆಯ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸುವ ಕ್ರಮವನ್ನೂ ಇಟ್ಟುಕೊಂಡಿದ್ದೇವೆ. ಮೂರನ್ನೂ ಮಾರುವವರು ಯಂತ್ರ ಕೆಡುವ ಮುನ್ನವೇ ತಿಳಿಸುತ್ತೇವೆ ಎಂಬ ಒಂದೇ ಮಾತನ್ನು ಹೇಳುತ್ತಾರೆ. ಆದರೆ ಮೂರರಲ್ಲಿ ಒಂದನ್ನು ಮಾತ್ರ ಕೊಳ್ಳಲು ಹಣವಿದ್ದರೆ ಯಾವುದನ್ನು ಕೊಳ್ಳಬೇಕು ಎಂದು ಯಾರಾದರೂ ಕೇಳಿದರೆ, ನಾನು ಹಿಂಜರಿಯದೆ ಈ ಕೈ ಉಪಕರಣದ ಕಡೆಗೆ ಬೆರಳು ತೋರಿಸುತ್ತೇನೆ. ಕಂಪನ ಸಂವೇದಕವು ಬೇರಿಂಗ್ ಹಾಳಾಗತೊಡಗಿದ ಸುದ್ದಿಯನ್ನು ತರುತ್ತದೆ. ಈ ಉಪಕರಣವು ಹಾಳಾಗುವ ಕಾರಣಗಳಲ್ಲಿ ಅತಿ ಸಾಮಾನ್ಯವಾದ ಒಂದನ್ನು ಗ್ರೀಸ್ ಗನ್ ಹಿಡಿದ ಕೈಯಲ್ಲೇ ತಡೆಯುತ್ತದೆ. ಕೆಳಗೆ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಎಲ್ಲ ಉಪಕರಣಗಳಿಗೂ ಅನ್ವಯಿಸುವುದರಿಂದ ತಯಾರಕರ ಹೆಸರನ್ನು ಬಿಟ್ಟಿದ್ದೇನೆ.

ಉಪಕರಣ ಕೆಲಸ ಮಾಡುವ ಬಗೆ ಸರಳವಾದದ್ದು. ತಿರುಗುವ ಬೇರಿಂಗ್‌ನಲ್ಲಿ ಲೋಹದ ನಡುವಿನ ಎಣ್ಣೆಯ ಪದರ ತೆಳುವಾದಂತೆ ಘರ್ಷಣೆ ಹೆಚ್ಚುತ್ತದೆ. ಆ ಘರ್ಷಣೆಯು ಮನುಷ್ಯನ ಕಿವಿಗೆ ನಿಲುಕದ, ಅಂದರೆ 20 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಹೊರಡಿಸುತ್ತದೆ. ಉಪಕರಣವು 30ರಿಂದ 40 ಕಿಲೋಹರ್ಟ್ಸ್ ಆಸುಪಾಸಿನ ಸದ್ದನ್ನು ಹಿಡಿದು, ಕಿವಿಗೆ ಕೇಳುವ ಮಟ್ಟಕ್ಕೆ ಇಳಿಸಿ ಹೆಡ್‌ಫೋನಿಗೆ ಕಳಿಸುತ್ತದೆ. ಜೊತೆಗೆ ಅದರ ತೀವ್ರತೆಯನ್ನು ಡೆಸಿಬೆಲ್‌ನಲ್ಲಿ ತೋರಿಸುತ್ತದೆ. ಚೆನ್ನಾಗಿರುವ ಬೇರಿಂಗ್ ಸುಯ್ಯೆಂದು ಒಂದೇ ಸಮನೆ ಉಸಿರಾಡುತ್ತದೆ. ಗ್ರೀಸ್ ಬತ್ತಿದಾಗ ಆ ಸದ್ದು ಒರಟಾಗಿ ಏರುತ್ತದೆ. ಉಂಗುರ ಅಥವಾ ಗುಂಡಿನ ಮೇಲೆ ಗುಳಿ ಬಿದ್ದಿದ್ದರೆ ನಡುನಡುವೆ ಚಟಪಟ ಕೇಳಿಸುತ್ತದೆ. ಬೇರಿಂಗ್ ಒಳ್ಳೆಯ ಸ್ಥಿತಿಯಲ್ಲಿದ್ದಾಗ ದಾಖಲಿಸಿದ ಮೂಲ ಮಟ್ಟಕ್ಕಿಂತ 8 ಡೆಸಿಬೆಲ್ ಏರಿದರೆ ಗ್ರೀಸ್ ಬೇಕಾಗಿದೆ ಎಂದೂ, 16 ಡೆಸಿಬೆಲ್ ದಾಟಿದರೆ ಹಾನಿ ಶುರುವಾಗಿದೆ ಎಂದೂ ತಿಳಿಯುವುದು ಈ ಕ್ಷೇತ್ರದ ರೂಢಿ. ನಮ್ಮ ಮೋಟರುಗಳ ಮಟ್ಟಿಗೆ ಮೊದಲ ಅಂಕಿ ಚೆನ್ನಾಗಿ ಹೊಂದಿಕೊಂಡಿದೆ. ಎರಡನೆಯದನ್ನು ಹೆಡ್‌ಫೋನಿನಲ್ಲಿ ಸದ್ದು ಕೇಳದೆ ಒಂಟಿಯಾಗಿ ನಂಬಬಾರದು.

ಉಪಕರಣ ಬರುವ ಮುನ್ನ ಗ್ರೀಸ್ ಹಾಕುವ ಕೆಲಸ ಹೆಚ್ಚಿನ ಕಾರ್ಖಾನೆಗಳಲ್ಲಿರುವಂತೆ ತಿಂಗಳ ಪಟ್ಟಿಯ ಪ್ರಕಾರ ನಡೆಯುತ್ತಿತ್ತು. ಎಷ್ಟು ಗ್ರೀಸ್ ಎಂಬುದು ಗನ್ ಹಿಡಿದವರ ಅಂದಾಜಿಗೆ ಬಿಟ್ಟ ವಿಷಯವಾಗಿತ್ತು. ಪ್ರಮಾಣಕ್ಕೆ ಬೇರಿಂಗ್ ತಯಾರಕರು ಕೊಡುವ ಸೂತ್ರ ಸುಲಭವಾದದ್ದೇ: ಬೇರಿಂಗ್‌ನ ಹೊರವ್ಯಾಸ ಮತ್ತು ಅಗಲವನ್ನು ಮಿಲಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 0.005ರಿಂದ ಗುಣಿಸಿದರೆ ಗ್ರಾಂ ಲೆಕ್ಕ ಸಿಗುತ್ತದೆ. ಮಧ್ಯಮ ಗಾತ್ರದ ಮೋಟರುಗಳಲ್ಲಿ ಕಾಣಸಿಗುವ, 6312 ಎಂಬ ಮಾದರಿ ಸಂಖ್ಯೆಯ ಬೇರಿಂಗ್‌ನ ಹೊರವ್ಯಾಸ 130, ಅಗಲ 31 ಮಿಲಿಮೀಟರ್; ಹಾಗಾಗಿ ಅದಕ್ಕೆ ಸುಮಾರು 20 ಗ್ರಾಂ ಸಾಕು. ಆದರೆ ಒಂದು ಒತ್ತಿಗೆ ಎಷ್ಟು ಗ್ರಾಂ ಹೊರಬೀಳುತ್ತದೆ ಎಂಬುದು ಗನ್ನಿನಿಂದ ಗನ್ನಿಗೆ ಬೇರೆಯಾಗಿರುವುದರಿಂದ, ಪ್ರತಿ ಗನ್ನಿನ ಹತ್ತು ಒತ್ತುಗಳನ್ನು ತಕ್ಕಡಿಯಲ್ಲಿ ತೂಗಿ, ಸರಾಸರಿಯನ್ನು ಗನ್ನಿನ ಮೇಲೆಯೇ ಬಣ್ಣದಲ್ಲಿ ಬರೆದಿಡದಿದ್ದರೆ ಈ ಸೂತ್ರ ಕಾಗದದಲ್ಲೇ ಉಳಿಯುತ್ತದೆ. ಉಪಕರಣ ಕೊಳ್ಳಲು ಆಗದವರೂ ಇಷ್ಟನ್ನು ನಾಳೆಯೇ ಮಾಡಬಹುದು.

ಕಡಿಮೆ ಗ್ರೀಸ್‌ನಿಂದ ಆಗುವ ಹಾನಿ ಎಲ್ಲರಿಗೂ ಗೊತ್ತು. ಹೆಚ್ಚು ಗ್ರೀಸ್‌ನಿಂದ ಆಗುವ ಹಾನಿಯನ್ನು ಒಪ್ಪಿಸುವುದು ಕಷ್ಟ. ಬೇರಿಂಗ್ ಒಳಗಿನ ಖಾಲಿ ಜಾಗ ಪೂರ್ತಿ ತುಂಬಿದರೆ ಗುಂಡುಗಳು ಗ್ರೀಸನ್ನು ಕಡೆಯುತ್ತಲೇ ಇರುತ್ತವೆ. ಶಾಖ ಏರುತ್ತದೆ, ಗ್ರೀಸಿನಲ್ಲಿ ಎಣ್ಣೆಯನ್ನು ಹಿಡಿದಿಡುವ ಸಾಬೂನಿನ ಜಾಲದಿಂದ ಎಣ್ಣೆ ಬೇರ್ಪಟ್ಟು ಸೋರಿಹೋಗುತ್ತದೆ, ಉಳಿದದ್ದು ಒಣಗಿ ಗಟ್ಟಿಯಾಗುತ್ತದೆ. ಕೈ ಗನ್ನಿನ ಒತ್ತಡವೂ ಕಡಿಮೆಯದಲ್ಲ; ನೂರಾರು ಬಾರ್‌ಗಳಷ್ಟು ಏರಬಲ್ಲ ಆ ಒತ್ತಡಕ್ಕೆ ಸೀಲಿನ ತುಟಿ ಹೊರಮಗುಚಿಕೊಳ್ಳುತ್ತದೆ, ಗ್ರೀಸ್ ಮೋಟರಿನ ಸುರುಳಿಯವರೆಗೂ ಹೋಗುತ್ತದೆ. ಡ್ರೈನ್ ಪ್ಲಗ್ ತೆರೆಯದೆ ಗ್ರೀಸ್ ಹಾಕಿದರಂತೂ ಹಳೆಯದು ಹೊರಬರಲು ದಾರಿಯೇ ಇರುವುದಿಲ್ಲ.

ಉಪಕರಣದ ನಿಜವಾದ ಉಪಕಾರ ಕಂಡದ್ದು ಇಲ್ಲಿಯೇ. ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಒತ್ತು ಹಾಕಿ ಸ್ವಲ್ಪ ಕಾಯುತ್ತ ಹೋದರೆ ಡೆಸಿಬೆಲ್ ಇಳಿಯುತ್ತ ಬಂದು ಒಂದು ಹಂತದಲ್ಲಿ ನಿಲ್ಲುತ್ತದೆ. ಮತ್ತೆ ಏರುವ ಲಕ್ಷಣ ಕಂಡ ಕೂಡಲೇ ಕೈ ನಿಲ್ಲಿಸಬೇಕು. ಈ ಇಳಿತವು ನಾಲ್ಕು ಬಗೆಯ ಉತ್ತರ ಕೊಡುತ್ತದೆ ಎಂಬುದನ್ನು ತಯಾರಕರ ಕೈಪಿಡಿ ಅರ್ಧ ಪುಟದಲ್ಲಿ ಮುಗಿಸುತ್ತದೆಯಾದರೂ, ಇಡೀ ಖರೀದಿಯ ಸಾರ ಅದರಲ್ಲಿಯೇ ಇದೆ. ಸದ್ದು ಇಳಿದು ಅಲ್ಲಿಯೇ ನಿಂತರೆ ಬೇರಿಂಗ್‌ಗೆ ಬೇಕಾಗಿದ್ದದ್ದು ಗ್ರೀಸ್ ಮಾತ್ರ. ಇಳಿದು ಕೆಲವೇ ಗಂಟೆಗಳಲ್ಲಿ ಮರಳಿ ಏರಿದರೆ ಲೋಹಕ್ಕೆ ಹಾನಿಯಾಗಿದೆ, ಗ್ರೀಸ್ ಅದನ್ನು ಮುಚ್ಚಿಡುತ್ತಿದೆ ಅಷ್ಟೆ. ಏನೂ ಬದಲಾಗದಿದ್ದರೆ ನಿಪ್ಪಲ್‌ನಿಂದ (ಗನ್ನು ಸಿಕ್ಕಿಸುವ ಮೂತಿಯಿಂದ) ಬೇರಿಂಗ್‌ವರೆಗಿನ ಕೊಳವೆ ಕಟ್ಟಿಕೊಂಡಿರಬಹುದು. ಮೊದಲ ಒತ್ತಿಗೇ ಸದ್ದು ಏರಿದರೆ ಅದಾಗಲೇ ತುಂಬಿ ತುಳುಕುತ್ತಿದೆ. ಪಟ್ಟಿಯ ಪ್ರಕಾರ ಗ್ರೀಸ್ ಹಾಕಬೇಕಾಗಿದ್ದ ಮೋಟರುಗಳಲ್ಲಿ ಗಣನೀಯ ಭಾಗಕ್ಕೆ ಆ ತಿಂಗಳು ಗ್ರೀಸೇ ಬೇಕಾಗಿರಲಿಲ್ಲ ಎಂಬುದು ಮೊದಲ ಸುತ್ತಿನಲ್ಲೇ ಕಂಡುಬಂತು. ಗ್ರೀಸ್ ಖರ್ಚು ಇಳಿದದ್ದು ಸಣ್ಣ ಲಾಭ. ಗ್ರೀಸ್ ಹಾಕಿದ ಮರುದಿನ ಬೇರಿಂಗ್ ಬಿಸಿಯಾಗಿದೆ ಎಂಬ ದೂರುಗಳು ಬಹುಮಟ್ಟಿಗೆ ನಿಂತದ್ದು ದೊಡ್ಡದು.

ನಿರೀಕ್ಷಿಸದ ಇನ್ನೊಂದು ಉಪಯೋಗವೂ ಇತ್ತು. ಹೊಸದಾಗಿ ಬಂದ ಕೆಲವು ಮೋಟರುಗಳಲ್ಲಿ ಮೊದಲ ಬಾರಿ ಗ್ರೀಸ್ ಹಾಕಿದ ಮೇಲೆ ಸದ್ದು ಚೆನ್ನಾಗಿ ಇಳಿದು, ನಂತರದ ವಾರಗಳಲ್ಲಿ ಮತ್ತೆ ಮತ್ತೆ ಏರುತ್ತಿತ್ತು. ಆದರೆ ಚಟಪಟ ಸದ್ದು ಮಾತ್ರ ಇರಲಿಲ್ಲ. ಸೀಲಿನ ಬಳಿ ಗ್ರೀಸ್ ನೀರಾಗಿ ಒಸರುತ್ತಿತ್ತು. ಮೋಟರಿನಲ್ಲಿ ತಯಾರಕರು ತುಂಬಿದ್ದು ಪಾಲಿಯೂರಿಯಾ ಗ್ರೀಸ್, ಗನ್ನಿನಲ್ಲಿ ಇದ್ದದ್ದು ಲಿಥಿಯಂ ಕಾಂಪ್ಲೆಕ್ಸ್. ಎಣ್ಣೆಯನ್ನು ಗ್ರೀಸಾಗಿ ಗಟ್ಟಿಗೊಳಿಸುವ ಈ ಎರಡು ದಪ್ಪಕಾರಿಗಳು ಬೆರೆತರೆ ಅನೇಕ ವೇಳೆ ಗ್ರೀಸ್ ಮೃದುವಾಗಿ ನಿಲ್ಲದೆ ಹರಿಯುತ್ತದೆ. ತಾಪಮಾನದ ಅಂಕಿಯಾಗಲಿ ಕಂಪನದ ಅಂಕಿಯಾಗಲಿ ಆ ಹಂತದಲ್ಲಿ ಏನನ್ನೂ ಸೂಚಿಸಿರಲಿಲ್ಲ. ಈಗ ಪ್ರತಿ ನಿಪ್ಪಲ್‌ಗೆ ಬಣ್ಣದ ಮುಚ್ಚಳವಿದೆ, ಅದೇ ಬಣ್ಣದ ಪಟ್ಟಿ ಗನ್ನಿಗೂ ಇದೆ.

ದೋಷಗಳನ್ನೂ ಅಷ್ಟೇ ವಿವರವಾಗಿ ಹೇಳಬೇಕು. ಬಹಳ ನಿಧಾನವಾಗಿ ತಿರುಗುವ ಬೇರಿಂಗ್‌ಗಳಲ್ಲಿ ಡೆಸಿಬೆಲ್ ಅಂಕಿಗೆ ಅರ್ಥವಿಲ್ಲ. ಅಲ್ಲಿ ಸದ್ದನ್ನು ಧ್ವನಿಮುದ್ರಿಸಿಕೊಂಡು ಅದರ ಅಲೆಯನ್ನು ನಿಧಾನವಾಗಿ ಪರಿಶೀಲಿಸಬೇಕು, ಅದಕ್ಕೆ ಧ್ವನಿಮುದ್ರಣ ಸೌಲಭ್ಯವಿರುವ ದುಬಾರಿ ಮಾದರಿಯೇ ಬೇಕು. ಹತ್ತಿರದಲ್ಲಿ ಗಾಳಿಯ ಅಥವಾ ಹಬೆಯ ಸೋರಿಕೆಯಿದ್ದರೆ ಅದರ ಸದ್ದು ಎಲ್ಲವನ್ನೂ ನುಂಗಿಹಾಕುತ್ತದೆ. ಬಣ್ಣ ಬಳಿದ ಕವಚದ ಮೇಲೆ ಇಂದು ಇಲ್ಲಿ, ನಾಳೆ ಅಲ್ಲಿ ತುದಿಯನ್ನು ಒತ್ತಿದರೆ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲವಾದ್ದರಿಂದ, ಅಳೆಯುವ ಜಾಗವನ್ನು ಕೆರೆದು ಗುರುತು ಹಾಕಿಡುವುದು ಅನಿವಾರ್ಯ. ಒಬ್ಬ ತಯಾರಕರ ಡೆಸಿಬೆಲ್ ಇನ್ನೊಬ್ಬರ ಡೆಸಿಬೆಲ್‌ಗೆ ಸಮನಲ್ಲ. ಉಪಕರಣ ಬದಲಿಸಿದರೆ ಮೂಲ ಮಟ್ಟಗಳನ್ನೆಲ್ಲ ಹೊಸದಾಗಿ ದಾಖಲಿಸಬೇಕಾಗುತ್ತದೆ. ಎಲ್ಲಕ್ಕಿಂತ ಕಿರಿಕಿರಿಯಾದದ್ದು ಜೊತೆಗೆ ಬರುವ ತಂತ್ರಾಂಶ. ಚಂದಾ ಕಟ್ಟುವವರೆಗೆ ಮಾತ್ರ ಹಳೆಯ ದಾಖಲೆಗಳು ತೆರೆದುಕೊಳ್ಳುತ್ತವೆ, ಮತ್ತು ಯಂತ್ರಗಳ ಪಟ್ಟಿಯನ್ನು ತಿದ್ದುವುದು ಗ್ರೀಸ್ ಹಾಕುವುದಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ.

ಕಂಪನ ಸಂವೇದಕಗಳ ಬಗ್ಗೆ ನನಗೆ ದ್ವೇಷವೇನೂ ಇಲ್ಲ. ಶಾಫ್ಟುಗಳ ನೇರ ಜೋಡಣೆ (ಅಲೈನ್‌ಮೆಂಟ್) ತಪ್ಪಿರುವುದು, ಸಮತೋಲ ಕೆಟ್ಟಿರುವುದು, ಬೋಲ್ಟ್ ಸಡಿಲವಾಗಿರುವುದು ಇವುಗಳನ್ನು ಅವು ಚೆನ್ನಾಗಿ ಹಿಡಿಯುತ್ತವೆ. ಗಟ್ಟಿ ಅಡಿಪಾಯದ ಮೇಲಿನ ಮಧ್ಯಮ ಯಂತ್ರಗಳಿಗೆ ಐಎಸ್‌ಒ 10816 ಎಂಬ ಅಂತರರಾಷ್ಟ್ರೀಯ ಮಾನದಂಡದ ಮೂರನೆಯ ಭಾಗದಲ್ಲಿ (2022ರಿಂದ ಅದರ ಜಾಗದಲ್ಲಿ ಐಎಸ್‌ಒ 20816-3 ಇದೆ) ಹೇಳಿದ ಸೆಕೆಂಡಿಗೆ 2.8 ಮತ್ತು 4.5 ಮಿಲಿಮೀಟರ್ ಕಂಪನ ವೇಗದ ಗಡಿಗಳು ಇಂದಿಗೂ ಒಳ್ಳೆಯ ಕೈಮರಗಳೇ. ಆದರೆ ಆ ಒಟ್ಟು ವೇಗದ ಅಂಕಿ ಏರುವ ಹೊತ್ತಿಗೆ ಬೇರಿಂಗ್‌ನ ಆಯಸ್ಸು ಬಹುತೇಕ ಮುಗಿದಿರುತ್ತದೆ. ಮೊದಲೇ ತಿಳಿಯಬೇಕಾದರೆ ಸಂವೇದಕವು ಹೆಚ್ಚಿನ ಆವರ್ತನದ ವೇಗೋತ್ಕರ್ಷವನ್ನು ಅಳೆಯಬೇಕು, ಬೇರಿಂಗ್‌ನ ದೋಷ ಆವರ್ತನಗಳನ್ನು ಬಿಡಿಸಿ ತೋರಿಸಬೇಕು. ಎಂಟು ಗುಂಡುಗಳ 6312ರಲ್ಲಿ ಹೊರ ಉಂಗುರದ ಗುಳಿ ಶಾಫ್ಟಿನ ಒಂದು ಸುತ್ತಿಗೆ ಸುಮಾರು ಮೂರು ಬಾರಿ, ಒಳ ಉಂಗುರದ್ದು ಸುಮಾರು ಐದು ಬಾರಿ ಬಡಿಯುತ್ತದೆ. ಈ ವ್ಯತ್ಯಾಸ ಕಾಣದ ಸಂವೇದಕವು ದುಬಾರಿ ಥರ್ಮಾಮೀಟರಿಗಿಂತ ಹೆಚ್ಚೇನಲ್ಲ. ಅಯಸ್ಕಾಂತದಿಂದ ಅಂಟಿಸಿದವುಗಳಿಗಿಂತ ಸ್ಟಡ್ ಹಾಕಿ ಬಿಗಿದವು ಹೆಚ್ಚಿನ ಆವರ್ತನದಲ್ಲಿ ಸ್ಪಷ್ಟವಾಗಿ ಮೇಲು. ಪದೇ ಪದೇ ಅಳೆಯುವಂತೆ ಹೊಂದಿಸಿದರೆ ಬ್ಯಾಟರಿ ಮಾರಾಟದ ಕಾಗದದಲ್ಲಿ ಹೇಳಿದಷ್ಟು ಕಾಲ ಬಾಳುವುದಿಲ್ಲ.

ಎಣ್ಣೆ ಪರೀಕ್ಷೆಯ ಬಗ್ಗೆ ಎರಡೇ ಮಾತು. ಎಣ್ಣೆಯ ಶುದ್ಧತೆಯನ್ನು ಸೂಚಿಸುವ ಐಎಸ್‌ಒ 4406ರ ಸಂಕೇತದಲ್ಲಿ 4, 6 ಮತ್ತು 14 ಮೈಕ್ರಾನಿಗಿಂತ ದೊಡ್ಡ ಕಣಗಳ ಲೆಕ್ಕ ಬರುತ್ತದೆ. ಅಂಕಿ ಒಂದು ಏರಿದರೆ ಕಣಗಳ ಸಂಖ್ಯೆ ದುಪ್ಪಟ್ಟಾಗಿದೆ ಎಂದರ್ಥ. 18/16/13 ಎಂದಿದ್ದದ್ದು 20/18/15 ಆದರೆ ಕೊಳೆ ನಾಲ್ಕು ಪಟ್ಟಾಗಿದೆ ಎಂಬುದನ್ನು ವರದಿ ಓದುವವರು ಅನೇಕ ಬಾರಿ ಗಮನಿಸುವುದಿಲ್ಲ. ಇನ್ನೊಂದು, ಸಾಮಾನ್ಯ ಸ್ಪೆಕ್ಟ್ರೋಮೀಟರ್ ಪರೀಕ್ಷೆಯು ಸೂಕ್ಷ್ಮ ಕಣಗಳಲ್ಲಿರುವ ಲೋಹವನ್ನಷ್ಟೇ ಅಳೆಯುತ್ತದೆ, ಗೇರಿನ ಹಲ್ಲಿನಿಂದ ಕಿತ್ತುಬಂದ ಚಕ್ಕೆಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಗೇರ್‌ಬಾಕ್ಸ್‌ಗಳಿಗೆ ಕಬ್ಬಿಣದ ದೊಡ್ಡ ಕಣಗಳನ್ನು ಅಳೆಯುವ ಕಾಂತೀಯ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಬೇಕು. ಸಿಲಿಕಾನ್ (ಹೊರಗಿನ ಧೂಳಿನ ಗುರುತು) ಮತ್ತು ಕಬ್ಬಿಣ ಒಟ್ಟಿಗೆ ಏರಿದ ಕಡೆ ನಾವು ಗಾಳಿ ಒಳಹೋಗುವ ಕಿಂಡಿಗೆ ತೇವ ಹೀರುವ ಬ್ರೀದರ್ ಹಾಕಿಸಿ, ಎಣ್ಣೆಯನ್ನು ಪ್ರತ್ಯೇಕವಾಗಿ ಸೋಸಿದೆವು, ಎರಡೂ ಇಳಿದವು.

ಈ ಕೈ ಉಪಕರಣ ಯಾರಿಗೆ ಬೇಡ ಎಂಬುದನ್ನೂ ಹೇಳಬೇಕು. ಎರಡೂ ಕಡೆ ಮುಚ್ಚಿದ, ಆಯುಷ್ಯಪೂರ್ತಿಗೆ ಗ್ರೀಸ್ ತುಂಬಿಬಂದ ಬೇರಿಂಗ್‌ಗಳೇ ಹೆಚ್ಚಾಗಿರುವ ಕಡೆ ಇದರಿಂದ ಸಿಗುವುದು ಕಡಿಮೆ. ಗ್ರೀಸ್ ಹಾಕುವ ಕೆಲಸವನ್ನು ಪ್ರತಿ ತಿಂಗಳು ಹೊಸಬರ ಕೈಗೆ ಕೊಡುವ ವ್ಯವಸ್ಥೆಯಿದ್ದರೂ ಇದು ಕಪಾಟು ಸೇರುತ್ತದೆ, ಏಕೆಂದರೆ ಕಿವಿ ಪಳಗಲು ಕೆಲವು ತಿಂಗಳಾದರೂ ಬೇಕು. ನಮ್ಮಲ್ಲಿ ಇದು ಉಳಿದದ್ದು ಹಿರಿಯ ತಂತ್ರಜ್ಞರೊಬ್ಬರು ಇದನ್ನು ತಮ್ಮದೇ ಎಂಬಂತೆ ವಹಿಸಿಕೊಂಡದ್ದರಿಂದ. ಕೊಳ್ಳುವುದಾದರೆ ಎರಡು ಸಂಗತಿಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ಅಳತೆಗಳನ್ನು ಚಂದಾ ಇಲ್ಲದೆಯೂ ಸಾಮಾನ್ಯ ಕೋಷ್ಟಕವಾಗಿ ಇಳಿಸಿಕೊಳ್ಳಲು ಬರುತ್ತದೆಯೇ, ಮತ್ತು ಕ್ಯಾಲಿಬ್ರೇಶನ್‌ಗೆ ಕಳಿಸಿದಾಗ ಬದಲಿ ಉಪಕರಣ ಕೊಡುತ್ತಾರೆಯೇ. ನಮಗೆ ಎರಡನೆಯದು ಸಿಗಲಿಲ್ಲ. ಉಪಕರಣ ಹೊರಹೋದ ವಾರಗಳಲ್ಲಿ ಗ್ರೀಸ್ ಕೆಲಸ ಹಳೆಯ ಪಟ್ಟಿಗೆ ಮರಳುತ್ತದೆ.