ಶಹಾಪುರದ ಪತ್ತಾರರು ಎಳೆದುಕೊಟ್ಟ ಚಿನ್ನದ ತಂತಿ

ಬೆಳಗಾವಿಯ ಶಹಾಪುರದ ಒಂದು ಸಣ್ಣ ಪತ್ತಾರರ ಅಂಗಡಿಯಲ್ಲಿ, ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ತೋರಿಸಬೇಕಿದ್ದ ಪ್ರಯೋಗವೊಂದಕ್ಕಾಗಿ, ಕಾಲು ಮಿಲಿಮೀಟರ್ ದಪ್ಪದ ಅಪರಂಜಿ ತಂತಿಯನ್ನು ಎಳೆಸಿಕೊಂಡೆ. ಗೇಣುದ್ದದ ಎರಡು ತುಂಡು, ಒಟ್ಟು ಅರ್ಧ ಗ್ರಾಮಿಗೂ ಕಡಿಮೆ. ಆದರೂ ಹಿರಿಯ ಪತ್ತಾರರು ಬೇಸರಿಸದೆ, ಚಿನ್ನದ ಬೆಲೆಯನ್ನೂ ಮಜೂರಿಯನ್ನೂ ಚೀಟಿಯಲ್ಲಿ ಬೇರೆ ಬೇರೆಯಾಗಿ ಬರೆದುಕೊಟ್ಟರು. ಸ್ಕ್ರೂಗೇಜಿನಲ್ಲಿ ಅಳೆದಾಗ ದಪ್ಪ ಉದ್ದಕ್ಕೂ ಒಂದೇ ಸಮನಾಗಿತ್ತು.

ನಮಗೆ ನಿಜವಾಗಿ ಬೇಕಾದ ಸೂಕ್ಷ್ಮ ತಂತಿಯನ್ನು ಯಾವ ಪತ್ತಾರರೂ ಎಳೆಯಲಾರರು. ತಾಗಿಕೊಂಡಿರುವ ಎರಡು ತಂತಿಗಳು ಅಗಲುವಾಗ, ಬೆರಳುಗಳ ನಡುವೆ ಬೆಲ್ಲದ ಪಾಕ ಎಳೆಯಾಗುವಂತೆ, ಕೆಲವೇ ಪರಮಾಣುಗಳಷ್ಟು ಅಗಲದ ಎಳೆಯೊಂದು ತಾನಾಗಿಯೇ ಮೂಡಿ ಕಡಿಯುತ್ತದೆ. ಕೋಣೆಯ ಉಷ್ಣಾಂಶದಲ್ಲಿ ಚಿನ್ನದೊಳಗಿನ ಎಲೆಕ್ಟ್ರಾನು ಒಂದು ಡಿಕ್ಕಿಯಿಂದ ಇನ್ನೊಂದರ ತನಕ ಸರಾಸರಿ 40 ನ್ಯಾನೊಮೀಟರಿನಷ್ಟು (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಸಾಗುತ್ತದೆ. ಈ ಎಳೆ ಅದಕ್ಕಿಂತ ಎಷ್ಟೋ ಗಿಡ್ಡವಾದ್ದರಿಂದ ಎಲೆಕ್ಟ್ರಾನು ಎಲ್ಲೂ ತಾಗದೆ ದಾಟಿಬಿಡುತ್ತದೆ. ಹಾಗೆಂದು ರೋಧ, ಅಂದರೆ ವಿದ್ಯುತ್ ಪ್ರವಾಹಕ್ಕಿರುವ ತಡೆ, ಸೊನ್ನೆಯಾಗುವುದಿಲ್ಲ. ಎಲೆಕ್ಟ್ರಾನು ಅಲೆಯೂ ಹೌದು. ಅರ್ಧ ನ್ಯಾನೊಮೀಟರಿನಷ್ಟಿರುವ ಅದರ ಅಲೆಯುದ್ದಕ್ಕೆ ಸರಿಸಮನಾದ ಇಕ್ಕಟ್ಟಿನಲ್ಲಿ ಅದಕ್ಕೆ ಎಣಿಸಿದಷ್ಟೇ ದಾರಿಗಳಿರುತ್ತವೆ. ಒಂದೇ ದಾರಿಯಿದ್ದರೆ ರೋಧ ಸುಮಾರು 12,906 ಓಮ್, ಎರಡಿದ್ದರೆ ಅದರ ಅರ್ಧ, ಮೂರಿದ್ದರೆ ಮೂರನೆಯ ಒಂದು ಪಾಲು. ಎಳೆ ತೆಳುವಾಗುತ್ತ ದಾರಿಗಳು ಒಂದೊಂದಾಗಿ ಮುಚ್ಚಿದಂತೆ ಪ್ರವಾಹವೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. 1988ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ಮತ್ತು ಇಂಗ್ಲೆಂಡಿನ ಕೇಂಬ್ರಿಜ್‌ನ ವಿಜ್ಞಾನಿಗಳು ಅರೆವಾಹಕದಲ್ಲಿ, ಅತಿ ಶೀತದಲ್ಲಿ ಕಂಡ ಈ ಮೆಟ್ಟಿಲುಗಳು ಚಿನ್ನದಲ್ಲಾದರೆ ತರಗತಿಯ ಮೇಜಿನ ಮೇಲೆಯೇ ಕಾಣಸಿಗುತ್ತವೆ ಎಂಬುದು ನನಗೆ ಇಂದಿಗೂ ಮೈನವಿರೇಳಿಸುವ ಸಂಗತಿ.

ಮೊದಲ ಸಲ ಅವು ಕಾಣಲಿಲ್ಲ. ತಂತಿ ಎಳೆಯುವಾಗ ಸವರಿದ ಎಣ್ಣೆಯ ಪಸೆ ಹಾಗೆಯೇ ಉಳಿದಿದ್ದರಿಂದ, ಪ್ರವಾಹದ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪರದೆಯ ತುಂಬ ಅಡ್ಡಾದಿಡ್ಡಿ ಗೆರೆಗಳೇ ಬಂದವು. ಮರಳಿ ಒಯ್ದಾಗ ಪತ್ತಾರರು ಮರುಮಾತಾಡದೆ ತಂತಿಯನ್ನು ಕೆಂಪಗೆ ಕಾಯಿಸಿ, ತೊಳೆದು, ಹಣ ಪಡೆಯದೆ ಕೊಟ್ಟರು. ಮರುದಿನ ಮೇಜಿನ ಅಂಚನ್ನು ಬೆರಳಿನಿಂದ ತಟ್ಟಿದಾಗ, ತಂತಿಗಳು ಅಗಲುವ ಮುಂಚಿನ ಮೈಕ್ರೋಸೆಕೆಂಡುಗಳಲ್ಲಿ ಪ್ರವಾಹವು ಮೂರು ಮೆಟ್ಟಿಲಿಳಿದು ಸೊನ್ನೆಗೆ ಬಿದ್ದಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುಬಂದು ಪರದೆಯ ಮೇಲೆ ಬೆರಳಿಟ್ಟು ಎಣಿಸಿದಳು. ಪ್ರತಿಸಲವೂ ಹೀಗೆ ಬರುವುದಿಲ್ಲ, ಹತ್ತಾರು ಸಲ ತಟ್ಟಬೇಕು.

ನನ್ನ ಆಕ್ಷೇಪ ಒಂದೇ: ಎರಡು ದಿನವೆಂದು ಹೇಳಿ ಲಗ್ನಸರಾಯಿಯ ಗಡಿಬಿಡಿಯಲ್ಲಿ ಆರು ದಿನ ಕಾಯಿಸಿದರು. ಕೊಳ್ಳುವವರು ಮದುವೆಯ ದಿನಗಳನ್ನು ಬಿಟ್ಟು ಹೋಗಲಿ, ತಂತಿಯನ್ನು ಕಾಯಿಸಿ ತೊಳೆದೇ ಕೊಡಬೇಕೆಂದು ಮೊದಲೇ ಹೇಳಲಿ. ಬಳಸಿದ ತುಂಡುಗಳನ್ನು ತೂಕಕ್ಕೆ ಮರಳಿ ಕೊಳ್ಳುವುದಾಗಿಯೂ ಅವರು ಹೇಳಿದ್ದಾರೆ. ನಾನು ಅವನ್ನು ಮುಂದಿನ ವರ್ಷದ ತರಗತಿಗಾಗಿ ಡಬ್ಬಿಯಲ್ಲಿ ತೆಗೆದಿರಿಸಿದ್ದೇನೆ.