ಮಾಜಿ ಸೈನಿಕರಿಗೆ ಆಘಾತದ ಥೆರಪಿ: ಕ್ಲಿನಿಕ್, ಮನೆಯ ವಿಡಿಯೊ ಕಾಲ್, ಆಸ್ಪತ್ರೆಯ ಸ್ಕ್ರೀನ್

ನಾನು ಮೈಸೂರಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ನನ್ನ ಹತ್ತಿರ ಬರುವ ಮಾಜಿ ಸೈನಿಕರಲ್ಲಿ ಕೊಡಗಿನವರೇ ಜಾಸ್ತಿ. ಕೆಲವರು ಶ್ರೀಲಂಕಾಕ್ಕೆ ಹೋಗಿದ್ದ ಶಾಂತಿ ಪಡೆಯಲ್ಲಿದ್ದವರು, ಕೆಲವರು 1999ರಲ್ಲಿ ಕಾರ್ಗಿಲ್‌ನಲ್ಲಿದ್ದವರು. ಇವರಿಗೆ ಒಂದೇ ಥೆರಪಿಯನ್ನು ಮೂರು ಥರ ಕೊಟ್ಟು ನೋಡಿದ್ದೇನೆ. ಕ್ಲಿನಿಕ್‌ನಲ್ಲಿ ಎದುರು ಕೂತು, ಅವರ ಮನೆಗೆ ವಿಡಿಯೊ ಕಾಲ್ ಮಾಡಿ, ಅವರೂರಿನ ಹತ್ತಿರದ ಆಸ್ಪತ್ರೆಯಲ್ಲಿ ಸ್ಕ್ರೀನ್ ಮುಂದೆ ಕೂರಿಸಿ.

ಥೆರಪಿಯ ಹೆಸರು ಪ್ರೊಲಾಂಗ್ಡ್ ಎಕ್ಸ್‌ಪೋಷರ್. ಸಾಮಾನ್ಯವಾಗಿ 8ರಿಂದ 15 ಸೆಷನ್, ಒಂದೊಂದೂ ಸುಮಾರು 90 ನಿಮಿಷ. ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ, ಇರುವವರು ನೆನಪಿನಿಂದ ತಪ್ಪಿಸಿಕೊಳ್ಳುತ್ತಲೇ ಬದುಕುತ್ತಾರೆ. ಇಲ್ಲಿ ಅದೇ ನೆನಪನ್ನು ಕಣ್ಣು ಮುಚ್ಚಿ, ಈಗ ನಡೆಯುತ್ತಿದೆ ಅನ್ನುವ ಹಾಗೆ ಹೇಳಬೇಕು. ಅದನ್ನು ರೆಕಾರ್ಡ್ ಮಾಡಿ ದಿನಾ ಕೇಳಬೇಕು. ಭಯದಿಂದ ಬಿಟ್ಟುಬಿಟ್ಟ ಜಾಗಗಳಿಗೆ ಮೆಲ್ಲಗೆ ಮತ್ತೆ ಹೋಗಬೇಕು.

ಕ್ಲಿನಿಕ್‌ನಲ್ಲಿ ಇಡೀ ಮನುಷ್ಯ ನನ್ನ ಕಣ್ಣಮುಂದೆ ಇರುತ್ತಾನೆ. ಮಾತು ಶಾಂತವಾಗಿದ್ದರೂ ಕಾಲು ನಡುಗುವುದು ಕಾಣುತ್ತದೆ. ಬೆಳಿಗ್ಗೆಯೇ ರಮ್ ಕುಡಿದು ಬಂದಿದ್ದರೆ ವಾಸನೆಯಲ್ಲೇ ತಿಳಿಯುತ್ತದೆ. ಕೆಲವರು ನೆನಪಿನೊಳಗೆ ಎಷ್ಟು ಮುಳುಗುತ್ತಾರೆ ಅಂದರೆ ತಾವು ಎಲ್ಲಿ ಕೂತಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ಆಗ ಕೈಗೆ ತಣ್ಣನೆಯ ನೀರಿನ ಲೋಟ ಕೊಟ್ಟು, ಜಾಗದ ಹೆಸರು ಹೇಳಿ, ವಾಪಸ್ ಕರೆತರಬೇಕು. ಸ್ಕ್ರೀನಿನಿಂದ ಅದು ಕಷ್ಟ. ಆದರೆ ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಒಂದು ಸೆಷನ್‌ಗೆ ಇಡೀ ದಿನ ಹೋಗುತ್ತದೆ. ಜೀವನದ ಅತಿ ಕೆಟ್ಟ ಗಳಿಗೆಯನ್ನು ಹೇಳಿ ಮುಗಿಸಿದವರು ತುಂಬಿದ ಬಸ್ಸಿನಲ್ಲಿ ಒಬ್ಬರೇ ಘಟ್ಟ ಹತ್ತಬೇಕು. ಹಲವರು ನಡುವೆ ಬಿಟ್ಟಿದ್ದು ಇದೇ ಕಾರಣಕ್ಕೆ.

ಮನೆಯ ವಿಡಿಯೊ ಕಾಲ್‌ನಲ್ಲಿ ನನಗೆ ಸಿಗುವುದು ಅವರ ನಿಜವಾದ ದಿನ. ಕಾಫಿ ತೋಟಗಳಲ್ಲಿ ಆನೆ ಓಡಿಸಲು ಪಟಾಕಿ ಸಿಡಿಸುತ್ತಾರೆ. ಒಬ್ಬ ಮಾಜಿ ಹವಾಲ್ದಾರರು ಆ ಸದ್ದಿನ ಬಗ್ಗೆ ಕ್ಲಿನಿಕ್‌ನಲ್ಲಿ ಎಷ್ಟೋ ಸಲ ಹೇಳಿದ್ದರು. ಕಾಲ್ ನಡುವೆ ಅದು ಸಿಡಿದಾಗ ಅವರ ಮುಖವನ್ನು ನಾನೇ ನೋಡಿದೆ. ಆ ಕ್ಷಣದಲ್ಲೇ ಇಬ್ಬರೂ ಸೇರಿ ಕೆಲಸ ಮಾಡಿದೆವು. ಇನ್ನೊಬ್ಬರು ಇಯರ್‌ಫೋನ್ ಹಾಕಿಕೊಂಡು, ನನ್ನನ್ನು ಲೈನಿನಲ್ಲಿ ಇಟ್ಟುಕೊಂಡೇ ಸಂತೆಯೊಳಗೆ ನಡೆದರು. "ಮೇಡಂ, ಹಿಂದೆ ಜನ ಇದ್ದಾರೆ, ಆದ್ರೂ ನಿಂತಿದ್ದೀನಿ" ಅಂದರು. ಇದು ಕ್ಲಿನಿಕ್‌ನ ಕುರ್ಚಿಯಲ್ಲಿ ಆಗುವ ಕೆಲಸವೇ ಅಲ್ಲ.

ತೊಡಕುಗಳೂ ಇವೆ. ಇಯರ್‌ಫೋನ್ ನನ್ನ ಮಾತನ್ನು ಮುಚ್ಚುತ್ತದೆ, ಅವರ ಮಾತನ್ನಲ್ಲ. ಹೆಂಡತಿಗೂ ಹೇಳದ ಸಂಗತಿಯನ್ನು ಪಕ್ಕದ ಕೋಣೆಗೆ ಕೇಳುವಂತೆ ಯಾರು ಹೇಳುತ್ತಾರೆ? ಕೆಲವರು ತೋಟದಲ್ಲಿ ನಿಲ್ಲಿಸಿದ ಜೀಪಿನಲ್ಲಿ ಕೂತು ಮಾತಾಡುತ್ತಾರೆ. ನಾನು ಒಪ್ಪುತ್ತೇನೆ, ಆದರೆ ಹಿಂದಿನ ಸೀಟಿನಲ್ಲಿ, ಬೀಗದ ಕೈ ಮನೆಯವರ ಹತ್ತಿರ. ಕಾಲ್ ಬಂದ ಫೋನಿನಲ್ಲೇ ರೆಕಾರ್ಡ್ ಮಾಡುವುದು ರಗಳೆ, ಇನ್ನೊಂದು ಫೋನ್ ಬೇಕಾಗುತ್ತದೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುತ್ತವೆ. ಹಾಗಾಗಿ ಕಾಲ್ ಕಡಿದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಹತ್ತಿರದಲ್ಲಿ ಯಾರಿದ್ದಾರೆ, ಈಗ ಅವರು ಕೂತಿರುವ ಜಾಗ ಯಾವುದು, ಇಷ್ಟನ್ನೂ ಪ್ರತಿ ಸಲ ಮೊದಲೇ ಕೇಳಿ ಬರೆದುಕೊಳ್ಳುತ್ತೇನೆ.

ಕೊಡಗಿಗೆ ಇನ್ನೊಂದು ಪ್ರಶ್ನೆ ಸೇರುತ್ತದೆ. ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಬಂದೂಕಿಗೆ ಪೂಜೆಯಾಗುತ್ತದೆ. ಅದು ಮನೆತನದ ಗೌರವ, ಅದನ್ನು ಅನುಮಾನದಿಂದ ನೋಡಬಾರದು. ಆದರೆ ಬದುಕೇ ಬೇಡ ಅನ್ನುವ ಯೋಚನೆ ಬಂದು ಹೋಗಿರುವವರ ಮನೆಗೆ ನಾನು ದೂರದಿಂದ ಮಾತಾಡುತ್ತಿರುವಾಗ, ಬಂದೂಕು ಎಲ್ಲಿದೆ ಅಂತ ನೇರವಾಗಿ ಕೇಳಲೇಬೇಕು. ಥೆರಪಿ ಮುಗಿಯುವವರೆಗೆ ಅಣ್ಣನ ಮನೆಯಲ್ಲೋ ಭಾವನ ಮನೆಯಲ್ಲೋ ಇಡಿ ಅಂದರೆ ಹೆಚ್ಚಿನವರು ಬೇಸರವಿಲ್ಲದೆ ಒಪ್ಪುತ್ತಾರೆ. ಆಯುಧದ ಶಿಸ್ತು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಆಸ್ಪತ್ರೆಯ ಕೋಣೆಯ ಸ್ಕ್ರೀನ್ ನನಗೆ ಅಷ್ಟು ಹಿಡಿಸಲಿಲ್ಲ. ನೆಟ್‌ವರ್ಕ್ ಚೆನ್ನಾಗಿರುತ್ತದೆ, ಪಕ್ಕದಲ್ಲಿ ನರ್ಸ್ ಇರುತ್ತಾರೆ, ಅದು ನಿಜ. ಆದರೆ ಪ್ರಯಾಣವೂ ತಪ್ಪಲಿಲ್ಲ, ನಾನೂ ಎದುರಿಗಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆಯೂ ಇಲ್ಲದವರಿಗೆ ಮಾತ್ರ ಇದನ್ನು ಹೇಳುತ್ತೇನೆ.

ಅಮೆರಿಕದಲ್ಲಿ ಮಾಜಿ ಸೈನಿಕರ ಮೇಲೆ ನಡೆದ ಅಧ್ಯಯನಗಳಲ್ಲಿ ಈ ಥೆರಪಿ ವಿಡಿಯೊದಲ್ಲೂ ಎದುರು ಕೂತಷ್ಟೇ ಫಲ ಕೊಟ್ಟಿದೆ. ಅಲ್ಲಿನ ಒಂದು ಹೋಲಿಕೆಯಲ್ಲಿ, ಥೆರಪಿಸ್ಟೇ ಮನೆಗೆ ಹೋದಾಗ ನಡುವೆ ಬಿಟ್ಟವರು ಕಡಿಮೆ. ನಮ್ಮಲ್ಲಿ ಅಷ್ಟು ಥೆರಪಿಸ್ಟ್‌ಗಳು ಎಲ್ಲಿದ್ದಾರೆ ಹೇಳಿ?

ಈಗ ನಾನು ಮೊದಲ ಎರಡು ಸೆಷನ್ ಕ್ಲಿನಿಕ್‌ನಲ್ಲೇ ಮಾಡುತ್ತೇನೆ. ಪರಸ್ಪರ ನಂಬಿಕೆ ಕೂತ ಮೇಲೆ ಮನೆಯ ವಿಡಿಯೊ. ದಿನಾ ಕುಡಿಯುವವರಿಗೆ, ಇತ್ತೀಚೆಗೆ ಸಾಯುವ ಯೋಚನೆ ಬಂದವರಿಗೆ, ನೆನಪಿನಲ್ಲಿ ದಿಕ್ಕು ತಪ್ಪುವವರಿಗೆ ಕ್ಲಿನಿಕ್ ಬಿಟ್ಟು ಬೇರೆ ಹೇಳುವುದಿಲ್ಲ. ಉಳಿದವರಿಗೆ, ಬಾಗಿಲು ಹಾಕಿಕೊಳ್ಳುವ ಜಾಗ ಇದ್ದರೆ, ವಿಡಿಯೊ ಸುಮ್ನೆ ಅನುಕೂಲ ಮಾತ್ರವಲ್ಲ, ಹಲವು ಸಲ ಅದೇ ಉತ್ತಮ. ಥೆರಪಿಸ್ಟ್ ಸಿಗುವವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.