‘ಬೆಟ್ಟಕ್ಕೆ ಕಳಿಸ್ರಿ, ಹುಡುಗ ಸರಿ ಆಗ್ತಾನ’ ಅನ್ನುವವರಿಗೆ ದುಡ್ಡು ಕಟ್ಟುವ ಮುನ್ನ

ಪರೀಕ್ಷೆ ಮುಗಿದು ಫಲಿತಾಂಶ ಬರುವ ಹೊತ್ತಿಗೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಶಿಸ್ತು ಶಿಬಿರಗಳ ಜಾಹೀರಾತು ಶುರುವಾಗುತ್ತದೆ. ಮೊಬೈಲ್ ಚಟ, ಹಟ, ಗುಟ್ಕಾ, ಶಾಲೆಗೆ ಚಕ್ಕರ್, ಎಲ್ಲಕ್ಕೂ ಒಂದೇ ಮದ್ದು: ಮೂರು ವಾರ ಬೆಟ್ಟದಲ್ಲಿ ವಾಸ. ಇಂಥ ಒಂದು ಶಿಬಿರಕ್ಕೆ ಹೋಗಿ ಐಸಿಯು ಸೇರಿದ ಹುಡುಗನ ಸಂಗತಿ ಇದು. ಮನೆಯವರ ಒಪ್ಪಿಗೆಯಿಂದಲೇ, ಗುರುತು ಬಿಟ್ಟು ಬರೆಯುತ್ತಿದ್ದೇವೆ.

ಹುಡುಗನಿಗೆ ಹದಿನೈದು ವರ್ಷ. ಮೂರ್ಛೆರೋಗಕ್ಕೆ ದಿನಕ್ಕೆರಡು ಸಲ ಸೋಡಿಯಂ ವಾಲ್ಪ್ರೊಯೇಟ್ ನಡೆದಿತ್ತು. ಶಿಬಿರದ ಅರ್ಜಿಯಲ್ಲಿ ಕಾಯಿಲೆಗೆ ಕಾಲಂ ಇರಲಿಲ್ಲ, ಶುಲ್ಕದ ಕಂತಿಗೆ ಇತ್ತು. ಮೊದಲ ದಿನವೇ ಚೀಲಗಳನ್ನು ತಾಡಪತ್ರಿ ಮೇಲೆ ಸುರುವಿ ಮೊಬೈಲು, ದುಡ್ಡು, ಮಾತ್ರೆ ಎಲ್ಲ ತೆಗೆದಿಟ್ಟುಕೊಂಡರು. ಓಡಿಹೋಗಬಾರದೆಂದು ರಾತ್ರಿ ಚಪ್ಪಲಿಯನ್ನೂ. ನಾಲ್ಕನೇ ದಿನ ಮಧ್ಯಾಹ್ನ ಬಂಡೆ ಹತ್ತುವಾಗ ಹುಡುಗನಿಗೆ ಫಿಟ್ಸ್ ಬಂತು. ‘ನಾಟಕ ಮಾಡಾಕತ್ತಾನ, ಹತ್ತಲಾರದ್ದಕ್ಕ’ ಎಂದು ತರಬೇತುದಾರ ಕೈಗೆ ಬೀಗದ ಕೈ ಕೊಟ್ಟು, ಬಾಯಿಗೆ ನೀರು ಹೊಯ್ದ. ಎಚ್ಚರವಾಗುವ ಮೊದಲೇ ಎರಡನೆಯದು ಬಂತು. 108ಕ್ಕೆ ಕರೆ ಹೋಗಿದ್ದು ಸಂಜೆ, ಅದೂ ದನ ಕಾಯುವವರು ನೋಡಿ ಗದ್ದಲ ಮಾಡಿದ ಮೇಲೆ. ತಾಯಿಗೆ ಸುದ್ದಿ ಮುಟ್ಟಿಸಿದ್ದು ಆಸ್ಪತ್ರೆಯ ನರ್ಸ್. ಹುಡುಗ ಉಳಿದ.

ಇಲ್ಲಿ ಬೆಟ್ಟದ ತಪ್ಪೇನೂ ಇಲ್ಲ. ಮೂರ್ಛೆಯ ಮಾತ್ರೆ ಹಠಾತ್ತನೆ ನಿಂತರೆ ಫಿಟ್ಸ್ ಮರಳುತ್ತದೆ; ಜೊತೆಗೆ ನಿದ್ದೆಗೇಡು, ಅರೆಹೊಟ್ಟೆ, ಬಿಸಿಲು ಸೇರಿದರೆ ಇನ್ನೂ ಬೇಗ. ಫಿಟ್ಸ್ ಐದು ನಿಮಿಷ ದಾಟಿದರೆ, ಅಥವಾ ನಡುವೆ ಎಚ್ಚರವಾಗದೆ ಇನ್ನೊಂದು ಬಂದರೆ, ಅದು ತುರ್ತುಸ್ಥಿತಿ. ಮಗ್ಗುಲಾಗಿ ಮಲಗಿಸಬೇಕು, ಗಡಿಯಾರ ನೋಡಬೇಕು, ಬಾಯಿಗೆ ಏನೂ ಹಾಕಬಾರದು. ಬೀಗದ ಕೈಯಿಂದ ಏನೂ ಆಗುವುದಿಲ್ಲ. ಬಾಯಿಗೆ ಹೊಯ್ದ ನೀರು ಶ್ವಾಸಕೋಶಕ್ಕೆ ಇಳಿಯಬಹುದು.

ಬೇರೆ ಮಾತ್ರೆಗಳ ಕತೆಯೂ ಸಣ್ಣದಲ್ಲ. ಮನಸ್ಸಿನ ಏರುಪೇರಿಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವ ಮಗು ಬೆವತು ನೀರು ಕಳೆದುಕೊಂಡರೆ ಅದೇ ಡೋಸು ರಕ್ತದಲ್ಲಿ ಏರಿ ವಿಷವಾಗುತ್ತದೆ: ಕೈ ನಡುಕ, ವಾಂತಿ, ತೊದಲು. ಒಲಾಂಜಪಿನ್, ರಿಸ್ಪೆರಿಡೋನ್ ಥರದ ಮಾನಸಿಕ ಕಾಯಿಲೆಯ ಔಷಧಿಗಳು ಮೈ ತಣಿಸಿಕೊಳ್ಳುವ ಶಕ್ತಿಯನ್ನೇ ಕುಗ್ಗಿಸಬಲ್ಲವು. ಖಿನ್ನತೆಯ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು. ಶಿಬಿರದವರು ಇದನ್ನೇ ‘ಹಟ’ ಎಂದು ಬರೆದುಕೊಂಡು ಶಿಕ್ಷೆ ಹೆಚ್ಚಿಸುತ್ತಾರೆ.

ಇನ್ನು ನಮ್ಮ ಬಿಸಿಲು. ಏಪ್ರಿಲ್-ಮೇನಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಮಾಮೂಲು. ಆನೆಗೊಂದಿ, ಸಣಾಪುರ, ತೆಕ್ಕಲಕೋಟೆಯ ಕಲ್ಲುಗುಡ್ಡಗಳು ಹೊತ್ತು ಮುಳುಗಿದ ಮೇಲೂ ಹಂಚಿನಂತೆ ಕಾದಿರುತ್ತವೆ. ಫ್ಯಾನಿನ ಕೆಳಗೆ ಮೊಬೈಲ್ ಹಿಡಿದು ಕೂತಿದ್ದ ಮೈ ಈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಶಿಬಿರಗಳು ಎರಡನೇ ದಿನವೇ ಹೊರೆ ಹೊರಿಸುತ್ತವೆ. ಆ ಬಿಸಿಲಲ್ಲಿ ನಡೆಯುವ ಹದಿಹರೆಯದವನಿಗೆ ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕು. ಹನ್ನೆರಡು ಮಕ್ಕಳು ಆರು ತಾಸು ನಡೆದರೆ 36ರಿಂದ 54 ಲೀಟರ್. ಅದನ್ನು ಹೊರುವವರು ಯಾರು, ತುಂಬಿಸುವುದು ಎಲ್ಲಿ? ಬರೀ ನೀರನ್ನೇ ಅತಿಯಾಗಿ ಕುಡಿಸುವುದೂ ಅಪಾಯ, ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಕುಸಿಯುತ್ತದೆ. ಒಂದು ದೊಡ್ಡ ಪ್ಯಾಕೆಟ್ ಓಆರ್‌ಎಸ್‌ಗೆ ಒಂದು ಲೀಟರ್ ನೀರು ಎಂಬ ಅಳತೆಯನ್ನೂ ತರಬೇತುದಾರರಿಗೆ ಯಾರೋ ಹೇಳಿರಬೇಕಾಗುತ್ತದೆ.

‘ಬೆವರು ಬರ್ತಿದೆ, ಅಂದ್ರೆ ಬಿಸಿಲಾಘಾತ ಅಲ್ಲ’ ಎಂಬುದು ಈ ಶಿಬಿರಗಳ ನಂಬಿಕೆ. ತಪ್ಪು. ದುಡಿದು ಬರುವ ಬಿಸಿಲಾಘಾತದಲ್ಲಿ ಮೈ ಒದ್ದೆಯಾಗಿಯೇ ಇರಬಹುದು. ಬಿಸಿಲಲ್ಲಿ ದಣಿದ ಮಗು ತಪ್ಪು ತಪ್ಪು ಮಾತಾಡಿದರೆ, ತೂರಾಡಿದರೆ, ಕಾರಣವಿಲ್ಲದೆ ಜಗಳಕ್ಕೆ ಬಿದ್ದರೆ ಮೊದಲು ಬಿಸಿಲಾಘಾತ ಎಂದೇ ತಿಳಿಯಬೇಕು. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಸಾಧ್ಯವಿದ್ದರೆ ತೊಟ್ಟಿಯ ನೀರಲ್ಲಿ ಕುತ್ತಿಗೆವರೆಗೆ ಕೂರಿಸಿ, ಇಲ್ಲದಿದ್ದರೆ ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸಿ, ಅರ್ಧ ತಾಸಿನೊಳಗೆ ಮೈ ತಣಿಸಬೇಕು. ಆಂಬುಲೆನ್ಸಿಗೆ ಕಾಯುತ್ತ ಕೂರಬಾರದು, ತಣಿಸುವುದು ಅಲ್ಲೇ ಶುರುವಾಗಬೇಕು. ಈ ಹೊತ್ತಿನ ಒರಟು ಮಾತನ್ನು ಉದ್ಧಟತನ ಎಂದು ಓದಿದರೆ ಮಗು ಸಾಯುತ್ತದೆ.

ರಾತ್ರಿಯದು ಬೇರೆಯೇ ಲೆಕ್ಕ. ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇಲ್ಲ, ಗುರುತೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುವುದು, ನುಂಗಲು ಆಗದಿರುವುದು. ‘ಹೊಟ್ಟೆನೋವಂತೆ, ವ್ಯಾಯಾಮ ತಪ್ಪಿಸೋಕೆ’ ಎಂದು ಎಬ್ಬಿಸಿ ಓಡಿಸಿದರೆ ಮುಗಿಯಿತು.

ಈ ‘ನಾಟಕ’ ಎನ್ನುವ ಮಾತು ಊರಿಗೊಬ್ಬ ತರಬೇತುದಾರನ ದುರ್ಬುದ್ಧಿ ಅಲ್ಲ. ಈ ಉದ್ಯಮ ದೊಡ್ಡದಾಗಿ ಬೆಳೆದ ಅಮೆರಿಕದಲ್ಲೂ ಇದೇ ಕೊಂದದ್ದು. 1994ರಲ್ಲಿ ಯೂಟಾ ರಾಜ್ಯದ ಮರುಭೂಮಿ ಶಿಬಿರವೊಂದರಲ್ಲಿ 16ರ ಹುಡುಗ ವಾರಗಟ್ಟಲೆ ಹೊಟ್ಟೆನೋವೆಂದು ಗೋಗರೆದ, ನಟನೆ ಎಂದರು, ಹುಣ್ಣು ಒಡೆದು, ಹೊಟ್ಟೆಯ ಪೊರೆಗೆ ಸೋಂಕು ಹಬ್ಬಿ ಸತ್ತ. 1990ರಿಂದ 2004ರ ನಡುವಿನ ಹತ್ತು ಸಾವುಗಳನ್ನು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಕೆದಕಿ 2007ರ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ತರಬೇತಿಯಿಲ್ಲದ ಸಿಬ್ಬಂದಿ, ಸಾಲದ ಊಟ, ಕಾಯಿಲೆಯನ್ನು ನಟನೆ ಎನ್ನುವುದು, ಇವೇ ಮತ್ತೆ ಮತ್ತೆ. 2024ರ ಫೆಬ್ರುವರಿಯಲ್ಲಿ ನಾರ್ತ್ ಕ್ಯಾರೊಲಿನಾದ ಶಿಬಿರದಲ್ಲಿ 12ರ ಬಾಲಕ ಮೊದಲ ರಾತ್ರಿಯೇ ಮಲಗುವ ಚೀಲದಲ್ಲಿ ಉಸಿರುಗಟ್ಟಿ ಸತ್ತ ಮೇಲೆ ಆ ಶಿಬಿರದ ಪರವಾನಗಿ ರದ್ದಾಯಿತು. ಅಲ್ಲಿ ರದ್ದು ಮಾಡಲು ಪರವಾನಗಿಯಾದರೂ ಇತ್ತು.

ನಮ್ಮಲ್ಲಿ ಶಿಬಿರಗಳು ಎರಡು ನಾಲಿಗೆಯಲ್ಲಿ ಮಾತಾಡುತ್ತವೆ. ತಂದೆ-ತಾಯಿಯ ಮುಂದೆ ‘ಚಟ ಬಿಡಿಸುತ್ತೇವೆ, ಚಿಕಿತ್ಸೆ’. ಅಧಿಕಾರಿ ಬಂದರೆ ‘ಬೇಸಿಗೆ ಶಿಬಿರ ಸಾರ್, ಚಾರಣ’. ಈ ಎರಡರಲ್ಲಿ ಯಾವುದೆಂದು ಬರಹದಲ್ಲಿ ಕೇಳಿ. ಚಿಕಿತ್ಸೆ ಎಂದರೆ, ಮಾನಸಿಕ ಕಾಯಿಲೆ ಅಥವಾ ಮದ್ಯ-ಮಾದಕ ವ್ಯಸನ ಇರುವವರನ್ನು ಇರಿಸಿಕೊಳ್ಳುವ ಜಾಗಕ್ಕೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಡಿ ನೋಂದಣಿ ಬೇಕು. ಕಾಯ್ದೆಯ 87ನೇ ಕಲಂ ಪ್ರಕಾರ 18ರೊಳಗಿನವರನ್ನು ದಾಖಲಿಸಲು ಇಬ್ಬರು ತಜ್ಞರು ಪ್ರತ್ಯೇಕವಾಗಿ ನೋಡಿರಬೇಕು, ಒಬ್ಬರಾದರೂ ಮನೋವೈದ್ಯರು. ದಾಖಲಾದಷ್ಟೂ ದಿನ ಪೋಷಕರು ಅಥವಾ ಅವರು ನೇಮಿಸಿದವರು ಜೊತೆಗಿರಬೇಕು, 72 ತಾಸಿನೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ‘ಮೂರು ವಾರ ಮನೆಯವರು ಫೋನೂ ಮಾಡಬಾರದು’ ಎನ್ನುವ ಶಿಬಿರ ಅಲ್ಲಿಗೇ ಕಾನೂನಿನ ಆಚೆ ನಿಂತಿತು. ಬರೀ ಚಾರಣ ಎಂದರೆ, ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಪತ್ರ ತೋರಿಸಲಿ. ಆನೆಗೊಂದಿ ಸುತ್ತ ಚಿರತೆ, ಕರಡಿ ಓಡಾಡುತ್ತವೆ. ನದಿಗಿಳಿಸುವುದಿದ್ದರೆ ಜೀವರಕ್ಷಕ ಜಾಕೆಟ್ ಎಷ್ಟಿವೆ ಎಂದು ಎಣಿಸಿ: 2025ರ ಫೆಬ್ರುವರಿಯಲ್ಲಿ ಸಣಾಪುರದ ಬಳಿ ಬಂಡೆಯಿಂದ ತುಂಗಭದ್ರೆಗೆ ಧುಮುಕಿದ ಹೈದರಾಬಾದಿನ ಯುವ ವೈದ್ಯೆಯನ್ನು ಸೆಳವು ಎಳೆದೊಯ್ದದ್ದು ಇಲ್ಲಿನ ಮಂದಿಗೆ ಗೊತ್ತಿದೆ.

ದುಡ್ಡು ಕಟ್ಟುವ ಮುನ್ನ ಶಿಬಿರದವರಿಗೆ ಇವನ್ನೂ ಕೇಳಿ: ಮಗುವಿಗೆ ಹುಷಾರಿಲ್ಲ ಎಂದು ತೀರ್ಮಾನಿಸುವವರು ಯಾರು, ಅವರ ಓದೇನು? ಮಾತ್ರೆ ಯಾರ ಕೈಯಲ್ಲಿ, ಕೊಟ್ಟ ಹೊತ್ತನ್ನು ಬರೆದಿಡುತ್ತಾರಾ? ಬಂಡೆಗಳ ಮರೆಯಲ್ಲಿ ಸಿಗ್ನಲ್ ಸಿಗದ ಕಡೆ 108ಕ್ಕೆ ಕರೆ ಹೋಗುವುದು ಹೇಗೆ, ವಾಹನ ಎಲ್ಲಿಯವರೆಗೆ ಬರುತ್ತದೆ? ದಿನಕ್ಕೊಮ್ಮೆ ಮಗುವಿನೊಂದಿಗೆ, ಪಕ್ಕದಲ್ಲಿ ಯಾರೂ ಇಲ್ಲದೆ, ಮಾತಾಡಬಹುದಾ? ಕೊನೆಯ ಪ್ರಶ್ನೆಗೆ ‘ಇಲ್ಲ’ ಬಂದರೆ ಉಳಿದವನ್ನು ಕೇಳುವ ಅಗತ್ಯವೇ ಇಲ್ಲ. ಹಟ, ಚಟಕ್ಕೆ ಮೊದಲು ಹೋಗಬೇಕಾದ ಜಾಗ ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಗು ಈಗಾಗಲೇ ಒಳಗಿದ್ದು ಅನುಮಾನ ಬಂದಿದ್ದರೆ, ಫೋನಿನಲ್ಲಿ ವಾದ ಮಾಡದೆ ನೇರ ಹೋಗಿ ಕರೆತನ್ನಿ. ಬಿಡದಿದ್ದರೆ 112, ಜೊತೆಗೆ ಮಕ್ಕಳ ಸಹಾಯವಾಣಿ 1098. ಹೊರಬಂದ ದಿನವೇ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ತೂಕ, ಗಾಯ, ಬೊಬ್ಬೆ ಎಲ್ಲ ಬರೆಸಿ, ಫೋಟೋ ತೆಗೆದಿಡಿ. ಮಕ್ಕಳ ಕಲ್ಯಾಣ ಸಮಿತಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂನಡಿ, ಮಕ್ಕಳ ಆರೈಕೆ ವಹಿಸಿಕೊಂಡ ಸಂಸ್ಥೆಯವರೇ ಕ್ರೌರ್ಯ ಎಸಗಿದರೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಛಾಪಾ ಕಾಗದದ ಮೇಲೆ ‘ಏನೇ ಆದರೂ ನಾವೇ ಹೊಣೆ’ ಎಂದು ಸಹಿ ಮಾಡಿಕೊಟ್ಟಿದ್ದೇವಲ್ಲ ಎಂದು ಆ ಹುಡುಗನ ತಂದೆ ತಿಂಗಳುಗಟ್ಟಲೆ ಸುಮ್ಮನಿದ್ದರು. ಆ ಕಾಗದ ಶಿಬಿರದವರ ಅಪರಾಧವನ್ನು ಅಳಿಸುವುದಿಲ್ಲ. ಶುಲ್ಕ ಕಟ್ಟಿದ್ದರಿಂದ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು: ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವಿಲ್ಲ, ಗಡುವು ಘಟನೆಯಿಂದ 2 ವರ್ಷ. ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಸಂದೇಶ ಯಾವುದನ್ನೂ ಅಳಿಸಬೇಡಿ. ಶಿಬಿರದವರು ಗುಂಪನ್ನು ಡಿಲೀಟ್ ಮಾಡುವ ಮೊದಲೇ ಎಲ್ಲವನ್ನೂ ಇನ್ನೊಂದು ಫೋನಿಗೆ ಕಳಿಸಿಟ್ಟುಕೊಳ್ಳಿ.